ಮನೆ ಪಕ್ಕದಲ್ಲೇ ಮಾಫೆಟ್ ಫೀಲ್ಡ್: ಕ್ಲೀನಪ್ ಪ್ಲಾನಿಂಗ್ ಸಭೆಯಲ್ಲಿ ಏನು ಕೇಳಬೇಕು?

ಸೀಬೆಮರ

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ವಿಸ್ಮನ್ ರಸ್ತೆ ಕಡೆ ಬಾಡಿಗೆ ಮನೆಗೆ ಬಂದು ಮೂರು ವರ್ಷ ಆಯಿತು. 101 ಹೈವೇ ದಾಟಿದರೆ ಮಾಫೆಟ್ ಫೀಲ್ಡ್, ನೌಕಾಪಡೆಯ ಹಳೇ ವಿಮಾನ ನೆಲೆ. ಮಗಳನ್ನು ಸ್ಟ್ರಾಲರ್‌ನಲ್ಲಿ ತಳ್ಳಿಕೊಂಡು ಹೋಗುವಾಗ ಫುಟ್‌ಪಾತ್‌ನಲ್ಲಿ ಊಟದ ತಟ್ಟೆ ಅಗಲದ ಕಬ್ಬಿಣದ ಮುಚ್ಚಳಗಳು ಕಾಣುತ್ತಿದ್ದವು. ನೀರಿನ ಮೀಟರ್ ಇರಬೇಕು ಅಂದುಕೊಂಡಿದ್ದೆ. ಹೋದ ವಾರ ಬಗ್ಗಿ ಓದಿದೆ. "ಮಾನಿಟರಿಂಗ್ ವೆಲ್" ಅಂತ ಬರೆದಿದೆ, ಅಂದರೆ ನೆಲದಡಿಯ ನೀರು ಪರೀಕ್ಷಿಸುವ ಬಾವಿ.

ಬಗ್ಗಿ ಓದಲು ಕಾರಣ, ಮನೆಗೆ ಬಂದ ಒಂದು ಪತ್ರ. ನೆಲದಡಿಯ ನೀರಿನಲ್ಲಿ ಟಿಸಿಇ ಅನ್ನೋ ರಾಸಾಯನಿಕ ಇದೆ, ಅದರ ಆವಿ ಮನೆಯೊಳಗೆ ಬರುತ್ತಿದೆಯೇ ಅಂತ ನೋಡಬೇಕು, ಗಾಳಿ ಪರೀಕ್ಷೆಗೆ ಒಪ್ಪಿಗೆ ಕೊಡಿ ಅಂತ. ಅಪಾರ್ಟ್‌ಮೆಂಟ್ ಆಫೀಸಿಗೆ ಹೋಗಿ ಕೇಳಿದರೆ, ಬಾಡಿಗೆ ಕರಾರಿನ ಕೊನೆಯಲ್ಲಿ ಅದರ ಹಾಳೆ ಇತ್ತು, ನೀವೇ ಸಹಿ ಹಾಕಿದ್ದೀರಿ ಅಂದರು. ನಿಜ, ಹಾಕಿದ್ದೇವೆ. ಓದಿರಲಿಲ್ಲ.

ಮಾಫೆಟ್ ಕ್ಲೀನಪ್ ಬಗ್ಗೆ ಸಾರ್ವಜನಿಕ ಸಲಹಾ ಮಂಡಳಿಯ ಸಭೆ ಇದೆಯಂತೆ. ಹೋಗಬೇಕು ಅಂತಿದ್ದೇನೆ. ಆದರೆ ಅಲ್ಲಿ ಹೋಗಿ ಏನು ಕೇಳಬೇಕು? ನಾನು ಸಾಫ್ಟ್‌ವೇರ್‌ನವಳು, ಕೆಮಿಸ್ಟ್ರಿ ಪಿಯುಸಿಗೆ ಮುಗಿಯಿತು. ಎರಡನೇ ಮಗು ಬರುವುದಿದೆ. ಅಮ್ಮ ಶಿವಮೊಗ್ಗದಿಂದ ಬಂದಿದ್ದಾರೆ, ಅವರಿಗೆ ಇನ್ನೂ ಹೇಳಿಲ್ಲ.

ಸುಮ್ನಿರಿ_ಸಾರ್

ಮೇಡಂ, ಇದನ್ನೆಲ್ಲ ಇಲ್ಲಿ ಬರೆದು ಆ ಏರಿಯಾದಲ್ಲಿ ಮನೆ ತಗೊಂಡಿರುವವರ ಹೊಟ್ಟೆ ಮೇಲೆ ಹೊಡೆಯಬೇಡಿ. ನಲವತ್ತು ವರ್ಷದಿಂದ ಕ್ಲೀನ್ ಮಾಡುತ್ತಲೇ ಇದ್ದಾರೆ. ಯಾರಿಗೂ ಏನೂ ಆಗಿಲ್ಲ.

ಕೆಸರುಗಾಲು

ಸೀಬೆಮರ ಅವರೇ, ಮೊದಲು ಆ ಪತ್ರಕ್ಕೆ "ಒಪ್ಪಿಗೆ ಇದೆ" ಅಂತ ಇವತ್ತೇ ಉತ್ತರ ಕಳಿಸಿ. ಗರ್ಭಿಣಿ ಇದ್ದೀರಿ ಅನ್ನುವುದನ್ನೂ ಬರೆಯಿರಿ, ಬೇಗ ಬರುತ್ತಾರೆ. ನಿಮ್ಮ ಡಾಕ್ಟರ್‌ಗೂ ಒಂದು ಮಾತು ಹೇಳಿಡಿ. ಟಿಸಿಇ ವಿಷಯದಲ್ಲಿ ಕ್ಯಾನ್ಸರ್ ಒಂದೇ ಅಲ್ಲ, ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಬೆಳವಣಿಗೆ ಬಗ್ಗೆಯೂ ಕಳವಳ ಇದೆ. ಅದಕ್ಕೇ ಈ ಭಾಗದ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಕಚೇರಿ 2014ರಲ್ಲಿ ಎರಡು ಗೆರೆ ಎಳೆಯಿತು. ಮನೆಯ ಗಾಳಿಯಲ್ಲಿ ಘನ ಮೀಟರಿಗೆ 2 ಮೈಕ್ರೋಗ್ರಾಂ ದಾಟಿದರೆ ಬೇಗ ಕ್ರಮ, 6 ದಾಟಿದರೆ ತುರ್ತು ಕ್ರಮ. ವರ್ಷಗಟ್ಟಲೆ ಕಾಯುವ ಮಾತೇ ಇಲ್ಲ.

ಹೆದರಿಸಲು ಹೇಳುತ್ತಿಲ್ಲ. ಹೆಚ್ಚಿನ ಮನೆಗಳಲ್ಲಿ ಅಷ್ಟು ಬರುವುದಿಲ್ಲ. ನಲ್ಲಿ ನೀರಿನ ಚಿಂತೆಯೂ ಬೇಡ. ಮೌಂಟನ್ ವ್ಯೂಗೆ ನೀರಿನ ಹೆಚ್ಚಿನ ಪಾಲು ದೂರದ ಹೆಚ್ ಹೆಚಿ ಜಲಾಶಯದ ಕಡೆಯಿಂದ ಬರುತ್ತದೆ, ಈ ಮೇಲ್ಪದರದ ಅಂತರ್ಜಲದಿಂದಲ್ಲ.

ನಾನು ಜಲಭೂವಿಜ್ಞಾನದವನು, ಇಂಥ ಜಾಗಗಳಲ್ಲಿ ಬೋರ್ ಕೊರೆಸುವುದೇ ಹದಿನೈದು ವರ್ಷದ ಹೊಟ್ಟೆಪಾಡು. ಸಭೆಯ ಬಗ್ಗೆ ರಾತ್ರಿ ಬರೆಯುತ್ತೇನೆ.

ಹಳೇ_ಹುಲಿ

@ಸುಮ್ನಿರಿ_ಸಾರ್ ಯಾರಿಗೂ ಏನೂ ಆಗಿಲ್ಲ ಅಂತ ನೀವು ಹೇಳುತ್ತೀರಿ. ನಾನು 1979ರಲ್ಲಿ ಇಲ್ಲಿಗೆ ಬಂದವನು. ಚಿಪ್ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಹೆಸರು ಬೇಡ. ಭಾಗಗಳ ಜಿಡ್ಡು ತೆಗೆಯಲು ಒಂದು ಸ್ಟೀಲ್ ತೊಟ್ಟಿ, ಕೆಳಗೆ ಟಿಸಿಇ ಕಾಯುತ್ತಿರುತ್ತದೆ, ಮೇಲೆ ಆವಿ ನಿಂತಿರುತ್ತದೆ. ಬುಟ್ಟಿಯನ್ನು ಆ ಆವಿಯಲ್ಲಿ ಇಳಿಸಿ ಎತ್ತಿದರೆ ಸಾಮಾನು ಒಣಗಿಕೊಂಡು ಪಳಪಳ ಅಂತ ಬರುತ್ತಿತ್ತು. ಒಂಥರಾ ಸಿಹಿ ವಾಸನೆ. ಕೈಗೆ ಗ್ರೀಸ್ ಹತ್ತಿದರೆ ಅದರಲ್ಲೇ ಒರೆಸಿಕೊಳ್ಳುತ್ತಿದ್ದೆವು. ಬಳಸಿದ ಸಾಲ್ವೆಂಟ್ ಹೋಗುತ್ತಿದ್ದದ್ದು ನೆಲದಡಿಯ ಟ್ಯಾಂಕಿಗೆ. ಬೆಂಕಿ ಭಯಕ್ಕೆ ನೆಲದಡಿ ಇಡುವುದೇ ಸೇಫ್ ಅಂತ ಆಗಿನ ನಂಬಿಕೆ. ಟ್ಯಾಂಕ್ ಸೋರುತ್ತದೆ ಅಂತ ಯಾರೂ ಯೋಚಿಸಲಿಲ್ಲ.

ಹೈವೇಯ ಆ ಕಡೆ ನೌಕಾಪಡೆಯವರು ವಿಮಾನದ ಭಾಗಗಳಿಗೆ ಇದೇ ಕೆಲಸ ಮಾಡುತ್ತಿದ್ದರು. ಅದೇ ಸಾಲ್ವೆಂಟ್, ಅದೇ ಮಣ್ಣು.

ಕೆಸರುಗಾಲು

ಅಂಕಲ್ ಹೇಳಿದ ಕೊನೆಯ ಮಾತಲ್ಲೇ ಇಲ್ಲಿನ ಪ್ಲಾನಿಂಗಿನ ಅರ್ಧ ತಲೆನೋವು ಇದೆ.

ಮಾಫೆಟ್ 1933ರಲ್ಲಿ ನೌಕಾಪಡೆಯ ಗ್ಯಾಸ್ ತುಂಬಿದ ದೈತ್ಯ ಬಲೂನಿನಂಥ ಏರ್‌ಶಿಪ್‌ಗಾಗಿ ಶುರುವಾದ ನೆಲೆ. 1987ರಲ್ಲಿ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ದೇಶದ ಅತಿ ಕಲುಷಿತ ಜಾಗಗಳ ಸರಕಾರಿ ಪಟ್ಟಿಗೆ ಸೇರಿತು. 1994ರಲ್ಲಿ ನೌಕಾಪಡೆ ಜಾಗ ಬಿಟ್ಟು ನಾಸಾಗೆ ಕೊಟ್ಟಿತು, ಕೊಳೆಯ ಜವಾಬ್ದಾರಿ ಮಾತ್ರ ಅದರ ಹೆಗಲ ಮೇಲೇ ಉಳಿಯಿತು. ಹೈವೇಯ ದಕ್ಷಿಣಕ್ಕೆ, ಅಂದರೆ ನಿಮ್ಮ ಕಡೆ, ಮಿಡಲ್‌ಫೀಲ್ಡ್, ಎಲಿಸ್, ವಿಸ್ಮನ್ ರಸ್ತೆಗಳ ನಡುವೆ ಫೇರ್‌ಚೈಲ್ಡ್, ಇಂಟೆಲ್, ರೇಥಿಯನ್‌ನಂಥವರ ಕಾರ್ಖಾನೆಗಳಿದ್ದವು. ನೆಲದಡಿಯ ನೀರು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಡೆಗೆ, ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಚಿಪ್ ಕಂಪನಿಗಳ ಟಿಸಿಇ ಹೈವೇ ಕೆಳಗೆ ನುಸುಳಿ ನೌಕಾಪಡೆಯ ಟಿಸಿಇ ಜೊತೆ ಬೆರೆತಿದೆ. ಇಬ್ಬರ ಹಾಲೂ ಒಂದೇ ಕ್ಯಾನಿಗೆ ಸುರಿದ ಮೇಲೆ ಯಾವ ಎಮ್ಮೆಯದು ಎಷ್ಟು ಅಂತ ಹೇಗೆ ಹೇಳುತ್ತೀರಿ? ಅದಕ್ಕೇ ಒಂದೊಂದು ಬಾವಿ ಯಾರದ್ದು, ಯಾವ ಪಂಪ್ ಯಾರು ಓಡಿಸಬೇಕು ಅಂತ ಒಪ್ಪಂದಗಳು. ಕಂಪನಿಗಳ ಕಡೆಯ ತೀರ್ಮಾನ 1989ರಲ್ಲೇ ಆಗಿತ್ತು. ಆವಿಯ ವಿಷಯ ಅದಕ್ಕೆ ಸೇರಿದ್ದು 2010ರಲ್ಲಿ. ಅದಕ್ಕೆ ಮುಂಚೆ ಬಹಳ ವರ್ಷ ಗಮನವೆಲ್ಲ ನೀರು, ಮಣ್ಣಿನ ಮೇಲೇ ಇತ್ತು.

ಈಗ ಪ್ಲಾನ್ ಹೇಗೆ ತಯಾರಾಗುತ್ತದೆ ಅಂತ. ಮೊದಲು ಹಳೆ ಕಾಗದ ತೆಗೆಯುತ್ತಾರೆ, ಹಳೆ ಕೆಲಸಗಾರರನ್ನು ಮಾತಾಡಿಸುತ್ತಾರೆ. ಯಾವ ಶೆಡ್ಡಿನಲ್ಲಿ ಏನು ತೊಳೆದಿರಿ, ಎಲ್ಲಿ ಚೆಲ್ಲಿದಿರಿ ಅಂತ. ಆಮೇಲೆ ಬೋರ್ ಕೊರೆದು ಮಣ್ಣು, ನೀರು, ಆವಿ ತೆಗೆದು ಲ್ಯಾಬಿಗೆ. ಆಮೇಲೆ ಸಾಧ್ಯತೆಗಳ ಅಧ್ಯಯನ: ಅಗೆದು ತೆಗೆಯೋದಾ, ಪಂಪ್ ಮಾಡೋದಾ, ಮುಚ್ಚಿ ಬಿಡೋದಾ, ಏನೂ ಮಾಡದೆ ಇದ್ದರೆ ಏನು? ಇವನ್ನು ಒಂಬತ್ತು ಅಳತೆಗೋಲಿನಲ್ಲಿ ತೂಗುತ್ತಾರೆ. ಅದಾದ ಮೇಲೆ ಒಂದನ್ನು ಆರಿಸಿ ಪ್ರಸ್ತಾವಿತ ಯೋಜನೆ ಅಂತ ಜನರ ಮುಂದಿಡುತ್ತಾರೆ. ಅಭಿಪ್ರಾಯಕ್ಕೆ ಕಡಿಮೆ ಅಂದರೆ 30 ದಿನ. ಸಮಯಕ್ಕೆ ಸರಿಯಾಗಿ ಕೇಳಿದರೆ ಇನ್ನೂ 30 ದಿನ ಸಿಗುತ್ತದೆ. ಬರೆದು ಕೊಟ್ಟ ಮುಖ್ಯ ಪ್ರಶ್ನೆಗೆ ಅವರು ಬರಹದಲ್ಲೇ ಉತ್ತರ ಕೊಡಬೇಕು, ಅದು ಅಂತಿಮ ತೀರ್ಮಾನದ ದಾಖಲೆಗೆ ಸೇರುತ್ತದೆ. ಸಭೆಯಲ್ಲಿ ಕೂಗಾಡುವುದಕ್ಕಿಂತ ಒಂದು ಹಾಳೆ ಬರೆದು ಕೊಡುವುದು ಮೇಲು.

ಆದರೆ ನನ್ನ ಅನುಭವದಲ್ಲಿ ಜನ ಬಾಯಿ ತೆರೆಯುವುದು ತೀರಾ ತಡವಾಗಿ. ಪ್ರಸ್ತಾವಿತ ಯೋಜನೆ ಕೈಗೆ ಬರುವ ಹೊತ್ತಿಗೆ ಅಡುಗೆ ಆಗಿಹೋಗಿರುತ್ತದೆ, ಉಪ್ಪು ಖಾರ ಹೆಚ್ಚುಕಡಿಮೆ ಮಾಡಬಹುದು ಅಷ್ಟೇ. ಸಾಧ್ಯತೆಗಳ ಅಧ್ಯಯನದ ಕರಡು ಬಂದಾಗಲೇ ಕೂತು ಓದಬೇಕು. ಅದರಲ್ಲೂ ಒಂದೇ ಒಂದು ವಾಕ್ಯ ಹುಡುಕಿ: "ಈ ಜಾಗವನ್ನು ಮುಂದೆ ಯಾವುದಕ್ಕೆ ಬಳಸಲಾಗುತ್ತದೆ." ಆ ಸಾಲು ಹೇಗಿದೆಯೋ ಕ್ಲೀನಪ್ ಹಾಗೆ.

ಸೀಬೆಮರ

ಅಯ್ಯೋ, ಇಷ್ಟೆಲ್ಲ ಇದೆಯಾ. ಧನ್ಯವಾದ. ಒಪ್ಪಿಗೆ ಕಳಿಸಿದೆ. ಆ ಬಳಕೆಯ ವಾಕ್ಯದ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀರಾ?

ಡೆನ್ವರ್_ಧಾರವಾಡ

ಅದನ್ನ ನಾನು ಹೇಳ್ತೀನಿ ನೋಡ್ರಿ, ನಮ್ಮೂರಾಗ ಅದಕ್ಕ ಒಳ್ಳೆ ಉದಾಹರಣೆ ಐತಿ. ಬರೆಯೋದು ಮಾತ್ರ ಗ್ರಂಥಿಕದಲ್ಲಿ ಬರೆಯುತ್ತೇನೆ, ಇಲ್ಲವಾದರೆ ನೀವು ಬೆಂಗಳೂರಿನವರು ನಗುತ್ತೀರಿ.

ಡೆನ್ವರ್ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯ ಪಕ್ಕ ಕಾಡೆಮ್ಮೆಗಳು ಮೇಯುವ ಒಂದು ದೊಡ್ಡ ಹುಲ್ಲುಗಾವಲಿದೆ. ಊರಿಂದ ಯಾರೇ ಬಂದರೂ ಕರೆದುಕೊಂಡು ಹೋಗುತ್ತೇವೆ, ಕಾರಲ್ಲೇ ಕೂತು ಬೈಸನ್ ನೋಡಬಹುದು. ಅದು ರಾಕಿ ಮೌಂಟನ್ ಆರ್ಸೆನಲ್. 1942ರಲ್ಲಿ ಸೈನ್ಯ ಶುರು ಮಾಡಿದ್ದು. ಮಸ್ಟರ್ಡ್ ಗ್ಯಾಸ್, ನೇಪಾಮ್, ಆಮೇಲೆ 50ರ ದಶಕದಲ್ಲಿ ಸಾರಿನ್ ನರ್ವ್ ಗ್ಯಾಸ್. ಅಲ್ಲೇ ಶೆಲ್ ಕಂಪನಿ 1982ರವರೆಗೆ ಕೀಟನಾಶಕ ಮಾಡಿತು. ಕೊಳೆ ನೀರಿಗೆ 93 ಎಕರೆಯ ಡಾಂಬರು ಹಾಕಿದ ಕೆರೆ, ಬೇಸಿನ್ ಎಫ್. ಅದೂ ಸಾಲದೆ 12,000 ಅಡಿ ಆಳದ ಬಾವಿ ಕೊರೆದು 1962ರಿಂದ ಒಳಕ್ಕೆ ತಳ್ಳಿದರು. ಡೆನ್ವರ್ ಸುತ್ತ ಭೂಕಂಪ ಶುರುವಾಯಿತು! ನಿಲ್ಲಿಸಬೇಕಾಯಿತು.

ಇದನ್ನು ಮನೆ ಕಟ್ಟುವಷ್ಟು ಚೊಕ್ಕ ಮಾಡುವುದಾ? 1986ರಲ್ಲಿ ಅಲ್ಲಿ ಬೋಳು ಹದ್ದುಗಳು ತಂಗುವುದು ಕಣ್ಣಿಗೆ ಬಿತ್ತು. 1992ರಲ್ಲಿ ಸಂಸತ್ತು ಕಾನೂನನ್ನೇ ಮಾಡಿತು, ಕ್ಲೀನಪ್ ಆದ ಮೇಲೆ ಇದು ವನ್ಯಜೀವಿ ಧಾಮ ಅಂತ. ಆಟ ಅಲ್ಲಿಗೆ ಬದಲಾಯಿತು. ಧಾಮ ಅಂದಮೇಲೆ ಅಲ್ಲಿ ಮಗು ಮಣ್ಣಲ್ಲಿ ಆಡುವುದಿಲ್ಲ, ಯಾರೂ ಬೋರ್ ಹಾಕಿ ನೀರು ಕುಡಿಯುವುದಿಲ್ಲ. 1996ರಲ್ಲಿ ಅಂತಿಮ ತೀರ್ಮಾನ, 2010ಕ್ಕೆ ಕೆಲಸ ಮುಗಿಯಿತು, ಸುಮಾರು 210 ಕೋಟಿ ಡಾಲರ್. ಅಷ್ಟಾದರೂ ಕೊಳೆ ಎಲ್ಲೂ ಹೋಗಿಲ್ಲ ರೀ. ದೊಡ್ಡ ಭಾಗ ಅಲ್ಲೇ ಗುಂಡಿ ತೋಡಿ, ಲೈನರ್ ಹಾಸಿ, ಮೇಲೆ ಮಣ್ಣು ಹೊದಿಸಿ ಹುಲ್ಲು ಬೆಳೆಸಿದ್ದಾರೆ. ಅಂತರ್ಜಲ ಶುದ್ಧ ಮಾಡುವ ಘಟಕ ಇನ್ನೂ ಓಡುತ್ತಿದೆ. ಅಲ್ಲಿ ಮನೆ ಕಟ್ಟುವಂತಿಲ್ಲ, ಅಲ್ಲಿನ ಮೀನು ತಿನ್ನುವಂತಿಲ್ಲ.

ಒಂದು ವಿಷಯ ಮರೆತಿದ್ದೆ. 2000ದಲ್ಲಿ ಗುಜರಿ ಕಬ್ಬಿಣದ ರಾಶಿ ತೆಗೆಯುವಾಗ ಮೂಸಂಬಿ ಗಾತ್ರದ ಸಾರಿನ್ ಬಾಂಬುಗಳು ಸಿಕ್ಕವು. ನಾಲ್ಕು ವರ್ಷದ ಹಿಂದೆ ಸಹಿಯಾದ ಪ್ಲಾನ್ ಕೈಯಲ್ಲಿತ್ತು, ಗುಜರಿಯಲ್ಲಿ ಇದು ಸಿಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಕೆಲಸ ನಿಲ್ಲಿಸಿ, ಅವನ್ನು ನಾಶ ಮಾಡುವುದು ಹೇಗೆ ಅಂತ ಹೊಸದಾಗಿ ಜಗಳ. ಸೈನಿಕ ಜಾಗದಲ್ಲಿ ದಾಖಲೆ ಹೇಳುವುದೊಂದು, ಗುದ್ದಲಿ ಹೇಳುವುದೊಂದು.

ಕೋಲಾರದ_ಕೂಸು

ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬ ನೆನಪಾಯಿತು. ಸೈನಿಕರದ್ದಲ್ಲ, ಗಣಿಯದ್ದು, ಆದರೂ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬ ಹಾಗೇ ನಿಂತಿದೆ. ಗಾಳಿ ಕಾಲದಲ್ಲಿ ಒಣಗಲು ಹಾಕಿದ ಬಟ್ಟೆ ಮೇಲೆ ಬೂದಿ ಬಣ್ಣದ ಪುಡಿ ಕೂರುತ್ತಿತ್ತು, ಅಜ್ಜಿ ಎರಡೆರಡು ಸಲ ಜಾಲಿಸುತ್ತಿದ್ದರು. ನಾವು ಅದರ ಮೇಲೆ ಹತ್ತಿ ಜಾರುತ್ತಿದ್ದೆವು. ಅಲ್ಲಿ "ಮುಂದೆ ಯಾವ ಬಳಕೆ" ಅಂತ ಕೇಳುವ ಸಭೆಯೇ ನಾನು ಕಂಡಿಲ್ಲ. ಭಾರತದಲ್ಲಿ ಕಲುಷಿತ ಜಾಗಗಳ ನಿಯಮ ಅಂತ ಬಂದದ್ದೇ 2025ರಲ್ಲಿ. ನಿಮಗೆ ಪತ್ರವಾದರೂ ಬರುತ್ತೆ ಅಕ್ಕ.

ಹಳೇ_ಹುಲಿ

ಬಳಕೆಯ ವಾಕ್ಯಕ್ಕೆ ಡೆನ್ವರ್‌ವರೆಗೂ ಹೋಗಬೇಕಿಲ್ಲ. ಮಾಫೆಟ್‌ನ ಉತ್ತರದ ಅಂಚಿಗೆ, ಕೊಲ್ಲಿಯ ಪಕ್ಕ, ಸೈಟ್ 25 ಅಂತ ಒಂದು ಜೌಗು ಇದೆ. ಮಳೆ ನೀರು ನಿಲ್ಲುವ ಕೊಳ. ಇದು ಮುಂದೆಯೂ ಮಳೆ ನೀರಿನ ಕೊಳವೇ ತಾನೇ, ಅಷ್ಟಕ್ಕೆ ಸಾಕಾಗುವಷ್ಟು ಕ್ಲೀನ್ ಮಾಡ್ತೀವಿ ಅಂತ ನೌಕಾಪಡೆ ಹೊರಟಿತ್ತು. ಇಲ್ಲ, ಇದು ಮತ್ತೆ ಕೊಲ್ಲಿಯ ಉಬ್ಬರ ಬಂದು ಹೋಗುವ ಜೌಗಾಗಬೇಕು, ಮೀನು ಹಕ್ಕಿ ಬರಬೇಕು, ಆ ಮಟ್ಟಕ್ಕೆ ಕ್ಲೀನ್ ಮಾಡಿ ಅಂತ ಜನ ಹಟ ಹಿಡಿದರು. ವರ್ಷಗಟ್ಟಲೆ ಸಭೆ. ನಾನೂ ಮೂರು ನಾಲ್ಕಕ್ಕೆ ಹೋಗಿದ್ದೆ, ಕಾಫಿ ಕೆಟ್ಟದಾಗಿರುತ್ತಿತ್ತು. ಕೊನೆಗೆ ಜೌಗಿನ ಮಟ್ಟಕ್ಕೇ ಒಪ್ಪಿದರು.

ಆ ಕೊಳಕ್ಕೆ ವಿಷ ಎಲ್ಲಿಂದ ಬರುತ್ತಿತ್ತು ಗೊತ್ತಾ? ಹ್ಯಾಂಗರ್ ಒನ್‌ನಿಂದ. ನೀವು ಹೈವೇಯಿಂದ ನೋಡುವ ಆ ಕಟ್ಟಡ. 1,133 ಅಡಿ ಉದ್ದ, 198 ಅಡಿ ಎತ್ತರ. ಒಳಗೆ ಎಂಟು ಎಕರೆ ನೆಲ. ಮೇಕನ್ ಅನ್ನೋ ಏರ್‌ಶಿಪ್ ನಿಲ್ಲಿಸಲು ಕಟ್ಟಿದ್ದು. ಪಾಪ, ಅದು 1935ರಲ್ಲಿ ಸಮುದ್ರಕ್ಕೆ ಬಿತ್ತು. ಕಟ್ಟಡಕ್ಕೆ ಹೊದಿಸಿದ ತಗಡಿನಲ್ಲಿ ಪಿಸಿಬಿ ಅನ್ನೋ ವಿಷ ರಾಸಾಯನಿಕ, ಕಲ್ನಾರು, ಬಣ್ಣದಲ್ಲಿ ಸೀಸ. ಎಪ್ಪತ್ತು ವರ್ಷ ಮಳೆ ಸುರಿದು ಅದೆಲ್ಲ ಚರಂಡಿ ಹಿಡಿದು ಕೊಳಕ್ಕೆ. ಕೆಸರಿನಲ್ಲಿ ಪಿಸಿಬಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ತಲೆ ಮೇಲಿನ ಚಾವಣಿ.

ಕೆಡವಿಬಿಡೋಣ ಅಂತ ನೌಕಾಪಡೆ ಹೇಳಿತು. ಊರಿಗೆ ಊರೇ ಎದ್ದಿತು. 2008ರಲ್ಲಿ, ಸರಿ, ಚರ್ಮ ಸುಲಿದು ಅಸ್ಥಿಪಂಜರ ಬಿಡ್ತೀವಿ ಅಂದರು. 2012ಕ್ಕೆ ಸುಲಿದು ಮುಗಿಸಿದರು. ಹೊಸ ಹೊದಿಕೆ ಯಾರು ಹಾಕಬೇಕು ಅನ್ನುವುದು ಪ್ಲಾನಿನಲ್ಲಿ ಇರಲೇ ಇಲ್ಲ! ಹತ್ತು ವರ್ಷ ಎಲುಬು ನಿಂತಿತ್ತು. 2014ರಲ್ಲಿ ಗೂಗಲ್‌ನ ಅಂಗಸಂಸ್ಥೆ 60 ವರ್ಷಕ್ಕೆ ಲೀಸ್ ತಗೊಂಡಿತು, 116 ಕೋಟಿ ಡಾಲರ್. ಆ ಎಲುಬಿಗೆ ಬಳಿದ ಬಣ್ಣದಲ್ಲೂ ವಿಷ ಇದೆ ಅಂತ ಮತ್ತೆ ಅದನ್ನು ಕೆರೆಯುವ ಕೆಲಸ 2022ರಲ್ಲಿ. ಒಂದೇ ಕಟ್ಟಡಕ್ಕೆ ಎರಡು ಸಲ ಕ್ಲೀನಪ್.

ಸುಮ್ನಿರಿ_ಸಾರ್

ಸರಿ ಅಂಕಲ್, ಹಾಗಾದರೆ ಯಾರನ್ನು ನಂಬೋದು? ಗಲೀಜು ಮಾಡಿದವರೇ ಕ್ಲೀನಪ್ ಪ್ಲಾನ್ ಬರೆಯುತ್ತಾರೆ, ಅವರೇ ಸ್ಯಾಂಪಲ್ ತೆಗೆಯುತ್ತಾರೆ. ಕಳ್ಳನ ಕೈಗೇ ಕೀಲಿ. ಸಭೆಗೆ ಹೋಗಿ ಏನು ಪ್ರಯೋಜನ? ಅದಕ್ಕೇ ಸುಮ್ಮನಿರಿ ಅಂದದ್ದು.

ಕೆಸರುಗಾಲು

ಈ ಪ್ರಶ್ನೆ ಸರಿಯಾಗಿದೆ, ತೀರ್ಮಾನ ಸರಿಯಿಲ್ಲ.

ಸೈನಿಕ ಜಾಗಗಳಲ್ಲಿ ನಿಜವಾಗಿಯೂ ಹಾಗೇ. ಸೈನ್ಯವೇ ಮುಂದಾಳು. ಇಪಿಎ ಮತ್ತು ರಾಜ್ಯದ ಜಲ ಮಂಡಳಿ ಮೇಲ್ವಿಚಾರಣೆ. ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್ ಹಡಗುಕಟ್ಟೆ ಕೇಳಿದ್ದೀರಾ? 1946ರ ಬಿಕಿನಿ ಅಣು ಪರೀಕ್ಷೆಯಲ್ಲಿ ನಿಲ್ಲಿಸಿದ್ದ ಹಡಗುಗಳನ್ನು ತಂದು ತೊಳೆದ ಜಾಗ. ಪಕ್ಕದಲ್ಲೇ ನೌಕಾಪಡೆಯ ವಿಕಿರಣ ಪ್ರಯೋಗಾಲಯ 1969ರವರೆಗೆ ಇತ್ತು. ಅಲ್ಲಿ ಕ್ಲೀನಪ್ ಮಾಡಿದ ಗುತ್ತಿಗೆ ಕಂಪನಿಯ ಇಬ್ಬರು ಮೇಲ್ವಿಚಾರಕರು ಕೊಳೆ ಮಣ್ಣಿನ ಬದಲು ಚೊಕ್ಕ ಮಣ್ಣನ್ನು ಸ್ಯಾಂಪಲ್ ಅಂತ ಕಳಿಸಿದ್ದನ್ನು ಕೋರ್ಟಿನಲ್ಲಿ ಒಪ್ಪಿಕೊಂಡರು. 2018ರಲ್ಲಿ ತಲಾ ಎಂಟು ತಿಂಗಳ ಜೈಲು. ಮತ್ತೆ ಮೊದಲಿಂದ ಅಳೆಯುವ ಕೆಲಸ. ಅಲ್ಲಿ ಕೆಲಸ ಮಾಡಿದವರೇ ಬಾಯಿ ಬಿಟ್ಟದ್ದರಿಂದ, ಸುತ್ತಲಿನ ಜನ ಬಿಡದೆ ಕೇಳಿದ್ದರಿಂದ ಅದು ದೊಡ್ಡದಾಯಿತು.

ಹಾಗಾಗಿ ಸಭೆಯಲ್ಲಿ ಕೇಳಿ: ಸ್ಯಾಂಪಲ್ ತೆಗೆಯುವಾಗ ಬೇರೆಯವರು ಪಕ್ಕದಲ್ಲಿ ನಿಂತಿರುತ್ತಾರಾ? ಅದೇ ಸ್ಯಾಂಪಲ್‌ನ ಅರ್ಧ ಇಪಿಎ ಲ್ಯಾಬಿಗೆ ಹೋಗುತ್ತಾ? ನಮ್ಮ ಕೆಲಸದಲ್ಲಿ ಇದನ್ನು ಸ್ಪ್ಲಿಟ್ ಸ್ಯಾಂಪಲ್ ಅಂತೀವಿ. ಈ ಪದ ಬಳಸಿದರೆ ಎದುರಿಗಿರುವವರು ನೆಟ್ಟಗೆ ಕೂರುತ್ತಾರೆ. ಇನ್ನೊಂದು, ಜನರ ಗುಂಪಿಗೆ ಸ್ವಂತ ತಜ್ಞರನ್ನು ಇಟ್ಟುಕೊಳ್ಳಲು ಇಪಿಎ 50,000 ಡಾಲರ್‌ವರೆಗೆ ಅನುದಾನ ಕೊಡುತ್ತದೆ. ಎಷ್ಟೋ ಊರುಗಳಲ್ಲಿ ಯಾರೂ ಅರ್ಜಿಯನ್ನೇ ಹಾಕುವುದಿಲ್ಲ.

ಪಂಪಿನ ವಿಷಯವನ್ನೂ ಹೇಳಿಬಿಡುತ್ತೇನೆ. ಟಿಸಿಇ ನೀರಿಗಿಂತ ಭಾರ. ಕೆಳಗಿಳಿದು ಜೇಡಿಮಣ್ಣಿನಲ್ಲಿ ಇಂಗಿ ಕೂರುತ್ತದೆ. ಪಂಪ್ ಹಚ್ಚಿದ ಮೊದಲ ವರ್ಷಗಳಲ್ಲಿ ಅಂಕಿ ಸರಸರ ಇಳಿಯುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ಒಂದು ಕಡೆ ನಿಂತುಬಿಡುತ್ತದೆ. ಪಂಪ್ ಆರಿಸಿದರೆ ಮತ್ತೆ ಏರುತ್ತದೆ. ಮೀನು ಸಾರು ಮಾಡಿದ ಮಣ್ಣಿನ ಗಡಿಗೆ ಥರ. ಎಷ್ಟು ಉಜ್ಜಿ ತೊಳೆದರೂ ಮಾರನೇ ದಿನ ಬಿಸಿನೀರು ಹಾಕಿದರೆ ವಾಸನೆ ಬರುತ್ತದಲ್ಲ, ಹಾಗೆ. ಕುಡಿಯುವ ನೀರಿನ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಜೇಡಿ ಬಿಟ್ಟುಕೊಡುತ್ತಲೇ ಇದ್ದರೆ ಅಲ್ಲಿಗೆ ಇಳಿಯಲು ಒಂದು ತಲೆಮಾರೂ ಸಾಲದು.

ಇನ್ನೊಂದು ದಾರಿ, ನೆಲದೊಳಗೆ ಕಾಕಂಬಿಯೋ ಅಡುಗೆ ಎಣ್ಣೆಯಂಥದ್ದೋ ಇಳಿಸಿ ಬ್ಯಾಕ್ಟೀರಿಯಾಗಳಿಗೆ ಊಟ ಹಾಕುವುದು. ಅವು ಟಿಸಿಇಯನ್ನು ಹಂತ ಹಂತವಾಗಿ ಒಡೆಯುತ್ತವೆ. ಆದರೆ ನಡುವಿನ ಒಂದು ಹಂತ ವಿನೈಲ್ ಕ್ಲೋರೈಡ್, ಅದು ಟಿಸಿಇಗಿಂತಲೂ ಕೆಟ್ಟದ್ದು. ಸರಿಯಾದ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಕೆಲಸ ಅಲ್ಲೇ ನಿಂತುಬಿಡುತ್ತದೆ. ಪ್ಲಾನಿನಲ್ಲಿ ಈ ವಿಧಾನ ಕಂಡರೆ, ವಿನೈಲ್ ಕ್ಲೋರೈಡ್ ಎಲ್ಲಿ ಎಷ್ಟು ದಿನಕ್ಕೊಮ್ಮೆ ಅಳೆಯುತ್ತೀರಿ ಅಂತ ಕೇಳಿ.

ಲೆಕ್ಕದ_ಪುಸ್ತಕ

ನನ್ನದು ಲೆಕ್ಕಪತ್ರದ ಕೆಲಸ, ಮಣ್ಣಿನ ವಿಷಯ ಗೊತ್ತಿಲ್ಲ. ಆದರೆ ಇಂಥ ವರದಿಗಳ ಖರ್ಚಿನ ಪಟ್ಟಿ ನೋಡಿದ್ದೇನೆ, ಅದರಲ್ಲೊಂದು ಕೈಚಳಕ ಇರುತ್ತದೆ. ಒಂದು ದಾರಿ ಈಗಲೇ ದೊಡ್ಡ ಮೊತ್ತ ಸುರಿದು ಅಗೆಯುವುದು, ಇನ್ನೊಂದು 30 ವರ್ಷ ಸ್ವಲ್ಪ ಸ್ವಲ್ಪ ಖರ್ಚು ಮಾಡುವುದು. ಎರಡನ್ನೂ ಇವತ್ತಿನ ಬೆಲೆಗೆ ತಂದು ಹೋಲಿಸುತ್ತಾರೆ. ಸುಮ್ನೆ ವರ್ಷಕ್ಕೆ 1 ಲಕ್ಷ ಡಾಲರ್ ಅಂತ ಹಿಡಿಯಿರಿ. ಕೂಡಿದರೆ 30 ಲಕ್ಷ. 2 ಪರ್ಸೆಂಟ್ ದರದಲ್ಲಿ ಇವತ್ತಿನ ಬೆಲೆ ಸುಮಾರು 22.4 ಲಕ್ಷ. 7 ಪರ್ಸೆಂಟ್ ಹಾಕಿದರೆ 12.4 ಲಕ್ಷ ಮಾತ್ರ! ದರ ಜಾಸ್ತಿ ಮಾಡಿದಷ್ಟೂ "ಮುಂದೆ ನೋಡೋಣ" ಅನ್ನೋ ದಾರಿ ಅಗ್ಗವಾಗಿ ಕಾಣುತ್ತದೆ. ಯಾವ ದರ ಹಾಕಿದ್ದೀರಿ, ಯಾಕೆ ಅಂತ ಕೇಳಿ. 31ನೇ ವರ್ಷದ ಖರ್ಚು ಯಾವ ಕಾಲಂನಲ್ಲಿದೆ ಅಂತಲೂ ಕೇಳಿ. ಬಹಳ ಸಲ ಇರುವುದೇ ಇಲ್ಲ.

ಡೆನ್ವರ್_ಧಾರವಾಡ

ಲೆಕ್ಕದವರು ಗೂಟಕ್ಕೆ ಗೂಟ ಹೊಡದ್ರು ನೋಡ್ರಿ 👏

ನಿರ್ವಾಹಕರು

ಚರ್ಚೆ ಚೆನ್ನಾಗಿದೆ. ಯುಗಾದಿ ಪಾಟ್‌ಲಕ್ ಬಗ್ಗೆ ನಡುವೆ ಬಂದ ನಾಲ್ಕು ಪ್ರಶ್ನೆಗಳನ್ನು ಬೇರೆ ಕಡೆ ಹಾಕಿದ್ದೇವೆ. ಹೋಳಿಗೆ ಯಾರು ತರುತ್ತಾರೆ ಅಂತ ಅಲ್ಲೇ ತೀರ್ಮಾನಿಸಿ.

ಸೀಬೆಮರ

ಎರಡು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಮೊದಲು ಗಾಳಿ ಪರೀಕ್ಷೆ. ಒಬ್ಬ ಹುಡುಗ ಬಂದು ಹಾಲಿನಲ್ಲಿ ಒಂದು ಸ್ಟೀಲ್ ಗುಂಡು ಇಟ್ಟ. ನಮ್ಮ ತಾಮ್ರದ ಬಿಂದಿಗೆ ಗಾತ್ರ, ಮೇಲೆ ಒಂದು ಗಡಿಯಾರದ ಥರ ಮೀಟರ್. ಒಳಗೆ ಗಾಳಿಯೇ ಇಲ್ಲದಂತೆ ಮಾಡಿರುತ್ತಾರಂತೆ, ಮೂತಿ ತಿರುಗಿಸಿದರೆ 24 ಗಂಟೆ ಹನಿ ಹನಿಯಾಗಿ ಮನೆಯ ಗಾಳಿ ಎಳೆದುಕೊಳ್ಳುತ್ತದೆ. ಕಿವಿ ಹತ್ತಿರ ಇಟ್ಟರೂ ಸದ್ದಿಲ್ಲ. ಅಮ್ಮನಿಗೆ ಹೇಳಲೇಬೇಕಾಯಿತು. ಯಾಕೆಂದರೆ ಆ ಹುಡುಗ ಕೊಟ್ಟ ಪಟ್ಟಿಯಲ್ಲಿ ಬಣ್ಣ, ನೇಲ್ ಪಾಲಿಶ್ ರಿಮೂವರ್, ಡ್ರೈಕ್ಲೀನ್ ಮಾಡಿಸಿದ ಬಟ್ಟೆ ಹೊರಗಿಡಿ ಅನ್ನುವುದರ ಜೊತೆ ಊದುಬತ್ತಿ ಹಚ್ಚಬೇಡಿ ಅಂತಲೂ ಇತ್ತು. ಅವತ್ತು ಶುಕ್ರವಾರ ಬೇರೆ. "ಒಂದು ದಿನ ಹೂವಿನಲ್ಲೇ ಪೂಜೆ ಮಾಡ್ತೀನಿ ಬಿಡೆ, ದೇವಿಗೂ ಗೊತ್ತಾಗುತ್ತೆ" ಅಂದರು. ನನ್ನ ರೇಷ್ಮೆ ಸೀರೆಗಳನ್ನೆಲ್ಲ ಅವರೇ ಕಾರಿನ ಡಿಕ್ಕಿಗೆ ಸಾಗಿಸಿದರು.

ಸಭೆಗೂ ಹೋಗಿದ್ದೆ. ಸುಮಾರು ಇಪ್ಪತ್ತು ಜನ, ಹೆಚ್ಚಿನವರು ನಿವೃತ್ತರು. ಬಣ್ಣ ಬಣ್ಣದ ನಕ್ಷೆ ತೋರಿಸಿದರು. ನಾನು ಎರಡೇ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಸ್ಪ್ಲಿಟ್ ಸ್ಯಾಂಪಲ್ ಬಗ್ಗೆ ಕೇಳಿದೆ. ಕೆಸರುಗಾಲು ಅವರೇ, ನೀವು ಹೇಳಿದ ಹಾಗೆಯೇ ನೆಟ್ಟಗೆ ಕೂತರು 😄 ಎರಡನೆಯದು, ನೆಲದಡಿಯ ಆವಿ ಮನೆಯೊಳಗೆ ಬರದಂತೆ ಹೊರಗೆ ಎಳೆದು ಹಾಕುವ ಫ್ಯಾನ್ ಇರುವ ಕಟ್ಟಡಗಳಲ್ಲಿ ಆ ಫ್ಯಾನ್ 30 ವರ್ಷ ಓಡುತ್ತಿದೆ ಅಂತ ನೋಡುವವರು ಯಾರು? ಕಟ್ಟಡದ ಮಾಲೀಕರು, ಕಂಪನಿಗಳು, ವಾರ್ಷಿಕ ವರದಿ, ಐದು ವರ್ಷಕ್ಕೊಮ್ಮೆ ಪರಿಶೀಲನೆ ಅಂತ ಉತ್ತರ ಬಂತು. ಬರೆದೂ ಕೊಡಿ ಅಂದೆ. ಕೊಡುತ್ತೇವೆ ಅಂದರು.

ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು, ನಿಮ್ಮ ಕಟ್ಟಡದಲ್ಲೂ ಫ್ಯಾನ್ ಇರಬಹುದು ನೋಡಿ ಅಂದರು.

ಕೆಸರುಗಾಲು

ಇದೆಯಾ? ಗೋಡೆ ಪಕ್ಕ ಬಿಳಿ ಪಿವಿಸಿ ಪೈಪ್ ನೆಲದಿಂದ ಚಾವಣಿವರೆಗೆ ಹೋಗಿರುತ್ತದೆ. ಅದಕ್ಕೆ ಇಂಗ್ಲಿಷಿನ ಯು ಅಕ್ಷರದಂಥ ಸಣ್ಣ ಗಾಜಿನ ನಳಿಗೆ, ಒಳಗೆ ಕೆಂಪೋ ನೀಲಿಯೋ ದ್ರವ. ಎರಡು ಕಡೆ ಮಟ್ಟ ಬೇರೆ ಬೇರೆ ಇದ್ದರೆ ಫ್ಯಾನ್ ಎಳೆಯುತ್ತಿದೆ. ಸಮ ಇದ್ದರೆ ಎಳೆಯುತ್ತಿಲ್ಲ.

ಸೀಬೆಮರ

ಇದೆ. ಕಾರ್ ನಿಲ್ಲಿಸುವ ಜಾಗದ ಮೂಲೆಯಲ್ಲಿ, ಕಸದ ಡಬ್ಬಿಯ ಹಿಂದೆ. ಕೆಂಪು ದ್ರವ.

ಎರಡೂ ಕಡೆ ಸಮ ಇದೆ.

ಕೆಸರುಗಾಲು

ಫೋಟೋ ತೆಗೆಯಿರಿ, ದಿನಾಂಕ ಸಮೇತ. ಆಫೀಸಿಗೆ ಬಾಯಿ ಮಾತಲ್ಲಿ ಹೇಳಬೇಡಿ, ಇಮೇಲ್ ಮಾಡಿ. ಪತ್ರದ ಕೆಳಗೆ ಇಪಿಎಯವರ ವಿಳಾಸ ಇರುತ್ತದಲ್ಲ, ಅವರಿಗೂ ಅದೇ ಇಮೇಲಿನ ಪ್ರತಿ ಹಾಕಿ.

ಹಳೇ_ಹುಲಿ

ಸ್ವಿಚ್ ಯಾರೋ ಆರಿಸಿರುತ್ತಾರೆ ನೋಡಿ. ಸದ್ದು ಜಾಸ್ತಿ ಅಂತಲೋ, ಕರೆಂಟ್ ಬಿಲ್ ಅಂತಲೋ.

ಸೀಬೆಮರ

ಅಂಕಲ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಮೇಲಿನ ಮನೆಯವರೊಬ್ಬರು ರಾತ್ರಿ ಗುಂಯ್ ಅನ್ನುತ್ತದೆ ಅಂತ ದೂರು ಕೊಟ್ಟಿದ್ದರಂತೆ, ಮೇಂಟೆನೆನ್ಸ್‌ನವರು ಬ್ರೇಕರ್ ಇಳಿಸಿದ್ದರಂತೆ. ಯಾವಾಗ ಅಂತ ಯಾರಿಗೂ ನೆನಪಿಲ್ಲ. ಆ ಪೈಪ್ ಯಾತಕ್ಕೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಇಮೇಲ್ ಹೋದ ಮಾರನೇ ದಿನ ಹಾಕಿದರು. ಫ್ಯಾನ್ ಕೆಳಗೆ ರಬ್ಬರ್ ಕೊಟ್ಟಿದ್ದಾರೆ, ಈಗ ಸದ್ದೂ ಇಲ್ಲ. ಬ್ರೇಕರ್ ಮೇಲೆ ಟೇಪ್ ಅಂಟಿಸಿ "ಮುಟ್ಟಬೇಡಿ" ಅಂತ ಬರೆಸಿದ್ದೇನೆ.

ನಮ್ಮ ಮನೆಯ ಗಾಳಿಯ ಫಲಿತಾಂಶವೂ ಬಂತು. ಫ್ಯಾನ್ ಆಫ್ ಇದ್ದಾಗಿನದ್ದು, ಆದರೂ ಘನ ಮೀಟರಿಗೆ 0.6 ಮೈಕ್ರೋಗ್ರಾಂ. ದೀರ್ಘಕಾಲದ ಮಿತಿ 1 ಅಂತೆ, ಅದರ ಕೆಳಗೇ ಇದೆ. ಫ್ಯಾನ್ ಹಾಕಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ ಅಂತ ಕೇಳಿದ್ದೇನೆ, ಮುಂದಿನ ತಿಂಗಳು ಬರುತ್ತಾರೆ. ಕೆಳಗಿನ ಮನೆಯ ಗುಜರಾತಿ ದಂಪತಿ ಆ ಪತ್ರವನ್ನು ಜಾಹೀರಾತು ಅಂತ ಬಿಸಾಕಿದ್ದರು. ಅವರಿಂದಲೂ ಸಹಿ ಹಾಕಿಸಿದೆ.

ಅಮ್ಮ ಈಗ ದಿನಾ ಬೆಳಿಗ್ಗೆ ಬಾಲ್ಕನಿಯ ತುಳಸಿಗೆ ನೀರು ಹಾಕಿ, ಕೆಳಗಿಳಿದು ಆ ಕೆಂಪು ನೀರು ನೋಡಿಕೊಂಡು ಬರುತ್ತಾರೆ. ಬಂದು, "ಏರುಪೇರಾಗಿದೆ ಕಣೆ, ಸರಿಯಾಗಿದೆ" ಅಂತಾರೆ.